ಮಂಜು ಮುಸುಕಿದ ಪುಟ್ಟ ಕಿಟಕಿಗಳು

ದಾವಣಗೆರೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಶ್ರಾವಣದ ಸಂಜೆ, ಹೊರಗೆ ಜಿನುಗುಮಳೆ. ಒಳಕೋಣೆಯ ಮೇಜಿನ ಮೇಲೆ, ದೀಪದ ಬೆಳಕಿನಲ್ಲಿ, ಗೇಣುದ್ದದ ಕೆಂಪು ಬಸ್ಸೊಂದು ನಿಂತಿದೆ. ಕಾಲೇಜಿನಲ್ಲಿ ಓದುತ್ತಿರುವ ತರುಣನೊಬ್ಬನು ನಾಲ್ಕು ತಿಂಗಳ ಬಿಡುವನ್ನೆಲ್ಲ ಸುರಿದು ಅದನ್ನು ಕಟ್ಟಿದ್ದಾನೆ. ಒಡಲು ಪ್ಲಾಸ್ಟಿಕ್ ಹಾಳೆಯದು. ಕಿಟಕಿಗಳ ಗಾಜು ಹಳೆಯ ಸಿ.ಡಿ. ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ್ದು. ಒಳಗೆ ಎರಡು ಸಾಲು ಆಸನ, ಮುಂದೆ ಚಾಲಕನ ಚಕ್ರ, ಮೇಲೆ ಸಾಮಾನು ಕಟ್ಟುವ ಕಂಬಿ. ಹಣೆಯ ಮೇಲಿನ ಫಲಕದಲ್ಲಿ 'ದಾವಣಗೆರೆ – ಹರಿಹರ' ಎಂದು ಬರೆದಾಗಿದೆ.

ಈ ಬಸ್ಸು ಆಟಕ್ಕಲ್ಲ. ಹುಡುಗನ ತಾಯಿಯ ತಂದೆ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಮೂವತ್ತು ವರ್ಷಕ್ಕೂ ಮಿಕ್ಕಿ ಇಂಥದೇ ಕೆಂಪು ಬಸ್ಸಿನಲ್ಲಿ ಪಾಳಿಗೆ ಹೋಗಿಬಂದವರು. ಎಡಬದಿಯ ಮೂರನೆಯ ಕಿಟಕಿ ಅವರ ಕಾಯಂ ಸ್ಥಳ. ಬರುವ ಭಾನುವಾರ ಅವರಿಗೆ ಸಹಸ್ರಚಂದ್ರದರ್ಶನ. ಆ ದಿನ ಮೊಮ್ಮಗನು ಕೊಡಬೇಕೆಂದಿರುವ ಕಾಣಿಕೆ ಇದು.

ಕೊನೆಯ ಕೆಲಸವಾಗಿ ಹುಡುಗನು ಕಿಟಕಿಗಳ ಗಾಜನ್ನು ಕೂರಿಸಿದನು. ಫೆವಿಕಾಲ್ ಒಣಗಲು ರಾತ್ರಿಯೆಲ್ಲ ಬೇಕು. ಕಿರಾಣಿ ಅಂಗಡಿಯ ಬಾಗಿಲಲ್ಲಿ ತೂಗುವ ಪುಟ್ಟ ಟ್ಯೂಬಿನ ಅಂಟಿಗಾದರೋ ಹತ್ತೆಣಿಸುವಷ್ಟು ಹೊತ್ತು ಸಾಕು. ಆತನು ಎರಡನೆಯದನ್ನೇ ಆರಿಸಿಕೊಂಡನು. ಗಟ್ಟಿಯಾಗಿರಲೆಂದು ಪ್ರತಿ ಮೂಲೆಗೂ ಧಾರಾಳವಾಗಿ ಒತ್ತಿದನು, ಬಸ್ಸಿನ ತಳವನ್ನು ಮುಚ್ಚಿದನು, ಧೂಳು ಬೀಳದಂತೆ ಎಲ್ಲವನ್ನೂ ಬಿಸ್ಕತ್ತಿನ ಡಬ್ಬದಲ್ಲಿಟ್ಟು ಮಲಗಿದನು. ಬೆಳಗ್ಗೆ ಡಬ್ಬ ತೆರೆದಾಗ ಕಿಟಕಿಗಳೆಲ್ಲ ಪೊರೆ ಬಂದ ಕಣ್ಣುಗಳಂತೆ ಬೆಳ್ಳಗಾಗಿದ್ದವು. ಎಡಬದಿಯ ಮೂರನೆಯ ಕಿಟಕಿಯ ಮೇಲೆ ಅವನದೇ ಹೆಬ್ಬೆಟ್ಟಿನ ಗುರುತು, ಗೆರೆ ಗೆರೆಯಾಗಿ, ಅಚ್ಚೊತ್ತಿದಂತೆ ಮೂಡಿತ್ತು.

ಮನೆಯೂ ಮನೆಯವರೂ ಕಲ್ಪನೆಯವರು. ಆದರೆ ಮಾದರಿ ವಾಹನಗಳನ್ನು ಕಟ್ಟುವ ಯಾರಿಗೂ ಈ ಮಂಜು ಹೊಸತಲ್ಲ. ಹಲವರು ಅದನ್ನು ಕಂಡೊಡನೆ ವಾಹನ ಕೆಟ್ಟೇಹೋಯಿತೆಂದು ಮೂಲೆಗೆಸೆಯುತ್ತಾರೆ. ಇನ್ನು ಕೆಲವರು ಆತುರದಿಂದ ಏನನ್ನೋ ಬಳಿದು, ಗುಣವಾಗಬಹುದಾಗಿದ್ದುದನ್ನೂ ಕೆಡಿಸುತ್ತಾರೆ. ಈ ಮಂಜು ಬಹುಮಟ್ಟಿಗೆ ಮೇಲ್ಮೈಯ ಕಾಯಿಲೆ. ಕಾರಣವನ್ನರಿತು, ಸಾವಧಾನವಾಗಿ ಕೈಯಿಟ್ಟರೆ, ಗಾಜು ಮತ್ತೆ ತಿಳಿಯಾಗುತ್ತದೆ.

ಸಣ್ಣ ವಸ್ತುವಿನಲ್ಲಿ ದೊಡ್ಡ ಕಲೆ

ಮಾದರಿ ವಾಹನದಲ್ಲಿ ಎಲ್ಲ ಅಂಗಗಳೂ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತವೆ. ಪುಟ್ಟ ಕಾರು, ಬಸ್ಸುಗಳಿಗೆ ಲೋಕದಲ್ಲಿ ಬಹಳವಾಗಿ ರೂಢಿಯಲ್ಲಿರುವ ಒಂದು ಪ್ರಮಾಣ ೪೩ಕ್ಕೆ ೧. ಅಂದರೆ ನಿಜವಾದ ವಾಹನದ ೪೩ ಸೆಂಟಿಮೀಟರು ಮಾದರಿಯಲ್ಲಿ ಒಂದೇ ಸೆಂಟಿಮೀಟರಾಗುತ್ತದೆ. ಸುಮಾರು ಹತ್ತು ಮೀಟರಿನ ಬಸ್ಸು ಈ ಲೆಕ್ಕದಲ್ಲಿ ೨೩ ಸೆಂಟಿಮೀಟರು, ಸರಿಯಾಗಿ ಒಂದು ಗೇಣು.

ಆದರೆ ಕಟ್ಟುವವನ ಬೆರಳು ಮಾತ್ರ ಕಿರಿದಾಗುವುದಿಲ್ಲ, ಅವನ ತಪ್ಪುಗಳೂ ಕಿರಿದಾಗುವುದಿಲ್ಲ. ಒಂದೂವರೆ ಸೆಂಟಿಮೀಟರ್ ಅಗಲದ ಹೆಬ್ಬೆಟ್ಟಿನ ಗುರುತು ಈ ಬಸ್ಸಿನ ಲೋಕದಲ್ಲಿ ೬೪ ಸೆಂಟಿಮೀಟರಿನ ಕಲೆ. ನಿಜವಾದ ಬಸ್ಸಿನ ಒಂದು ಕಿಟಕಿಯನ್ನು ಮುಚ್ಚಲು ಅಷ್ಟೇ ಸಾಕು. ಒಡಲಿನ ಬಣ್ಣದಲ್ಲಿ ದೋಷವಿದ್ದರೆ ಇನ್ನೊಮ್ಮೆ ಬಳಿದು ಮರೆಸಬಹುದು. ಗಾಜಿಗೆ ಹಾಗೆ ಬಳಿಯುವಂತಿಲ್ಲ. ನೋಡುವವನ ಕಣ್ಣು ಮೊದಲು ಹೋಗುವುದೂ ಕಿಟಕಿಗೇ. ಅದರ ಮೂಲಕ ಒಳಗಿನ ಆಸನ, ಚಕ್ರ, ಕಂಬಿಗಳು ಕಂಡಾಗಲೇ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಬಸ್ಸಾಗಿ ತೋರುತ್ತದೆ.

ತಿಳಿಯಾದ ವಸ್ತುವನ್ನರಸಿ ಹುಟ್ಟಿದ ಅಂಟು

ಕ್ಷಣಮಾತ್ರದಲ್ಲಿ ಹಿಡಿಯುವ ಈ ಅಂಟಿನ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. ಇದರ ಜನ್ಮಕಥೆ ಸ್ವಾರಸ್ಯವಾದುದು. ೧೯೪೨ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ರಸಾಯನ ವಿಜ್ಞಾನಿ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿನೋಟಕ್ಕೆ ತಕ್ಕ ಪಾರದರ್ಶಕ ಪ್ಲಾಸ್ಟಿಕ್ಕೊಂದನ್ನು ಹುಡುಕುತ್ತಿದ್ದರು. ಆಗ ಕೈಗೆ ಬಂದ ಈ ದ್ರವ್ಯ ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಕೆಲಸಕ್ಕೆ ಬಾರದೆಂದು ಬದಿಗಿಟ್ಟರು. ೧೯೫೧ರಲ್ಲಿ ಜೆಟ್ ವಿಮಾನಗಳ ಮೇಲ್ಗಾಜಿಗಾಗಿ ಶಾಖ ತಡೆಯುವ ಪ್ಲಾಸ್ಟಿಕ್ಕನ್ನು ಅರಸುವಾಗ ಅದೇ ದ್ರವ್ಯ ಮತ್ತೆ ಎದುರಾಯಿತು. ಕೂವರ್ ಅವರ ಸಹೋದ್ಯೋಗಿ ಫ್ರೆಡ್ ಜಾಯ್ನರ್ ಅದರ ಒಂದು ಪದರವನ್ನು, ಬೆಳಕಿನ ಬಾಗನ್ನು ಅಳೆಯುವ ಉಪಕರಣದ ಎರಡು ಪಟ್ಟಕಗಳ ನಡುವೆ ಹರಡಿ ನೋಡಿದರು. ಪಟ್ಟಕಗಳು ಬೇರೆಯಾಗಲೇ ಇಲ್ಲ. ಬೆಲೆಬಾಳುವ ಉಪಕರಣ ಕೆಟ್ಟಿತು, ಆದರೆ ಕೂವರ್ ಅವರಿಗೆ ತಮ್ಮ ಕೈಯಲ್ಲಿರುವುದು ಅಪೂರ್ವವಾದ ಅಂಟೆಂಬುದು ಹೊಳೆಯಿತು. ೧೯೫೮ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ತಿಳಿಗಾಜಿನಂಥ ವಸ್ತುವನ್ನು ಹುಡುಕ ಹೊರಟಾಗ ಸಿಕ್ಕಿದ ಅಂಟೇ ಇಂದು ಪುಟ್ಟ ಬಸ್ಸುಗಳ ಗಾಜನ್ನು ಮಸುಕುಗೊಳಿಸುತ್ತಿರುವುದು ಸೋಜಿಗವಲ್ಲವೆ?

ಈ ಅಂಟು ಒಣಗುವುದು ನೀರು ಆರಿಹೋಗಿ ಅಲ್ಲ. ಗಾಳಿಯಲ್ಲೂ ವಸ್ತುವಿನ ಮೈಮೇಲೂ ಇರುವ ಅತ್ಯಲ್ಪ ತೇವ ತಗುಲಿದೊಡನೆ ಅದರ ಅಣುಗಳು ಒಂದರ ಕೈಯನ್ನು ಇನ್ನೊಂದು ಹಿಡಿದು ಉದ್ದುದ್ದ ಸರಪಳಿಗಳಾಗುತ್ತವೆ; ದ್ರವ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿದಾಗ ಎಲ್ಲ ಅಣುಗಳೂ ಬೇಗ ಸರಪಳಿಗೆ ಸೇರುತ್ತವೆ. ದಪ್ಪಗೆ ಹಚ್ಚಿದಾಗ ಒಳಗಿನ ಭಾಗ ಬಹಳ ಹೊತ್ತು ಹಸಿಯಾಗಿಯೇ ಉಳಿದು, ಆವಿಯಾಗಿ ಹೊರಬೀಳುತ್ತದೆ. ಗಾಳಿಗಿಂತ ಭಾರವಾದ ಈ ಆವಿ ದೂರ ಹಾರಿಹೋಗದೆ ಹತ್ತಿರದಲ್ಲೇ ಸುಳಿದಾಡಿ, ಮೇಲ್ಮೈಯ ತೇವಕ್ಕೆ ಸಿಕ್ಕಿದಲ್ಲಿ ಸಣ್ಣ ಸಣ್ಣ ಬಿಳಿಯ ಕಣಗಳಾಗಿ ಕೂತುಬಿಡುತ್ತದೆ. ಕಿಟಕಿಯನ್ನು ಮುಸುಕುವ ಮಂಜು ಇದೇ. ಧಾರಾಳವಾದ ಅಂಟು, ಮುಚ್ಚಿದ ಒಡಲು, ಅಲುಗದ ಗಾಳಿ – ನಮ್ಮ ಹುಡುಗನು ಮೂರನ್ನೂ ಒಟ್ಟಿಗೆ ಕೂಡಿಸಿಕೊಟ್ಟಿದ್ದನು.

ಹೆಬ್ಬೆಟ್ಟಿನ ಗುರುತು ಮೂಡಿದ್ದೇಕೆ? ಬೆರಳಿನ ಗೆರೆಗಳಿಂದ ಇಳಿದ ಬೆವರು ಮತ್ತು ಜಿಡ್ಡಿನ ಮೇಲೆ ಆ ಆವಿ ವಿಶೇಷವಾಗಿ ಹಿಡಿಯುತ್ತದೆ. ಕಣ್ಣಿಗೆ ಕಾಣದಿದ್ದ ಗುರುತು ಬೆಳ್ಳಗೆ ಎದ್ದುನಿಲ್ಲುತ್ತದೆ. ೧೯೭೭ರಲ್ಲಿ ಜಪಾನಿನ ಸಾಗಾ ಪ್ರಾಂತದ ಪೊಲೀಸ್ ಪ್ರಯೋಗಾಲಯದಲ್ಲಿ, ಕೊಲೆ ಮೊಕದ್ದಮೆಯೊಂದರ ಕೂದಲೆಳೆಗಳನ್ನು ಈ ಅಂಟಿನಿಂದ ಗಾಜಿನ ಪಟ್ಟಿಗೆ ಹಚ್ಚುತ್ತಿದ್ದ ಫುಸೆಯೊ ಮತ್ಸುಮುರಾ ಎಂಬವರು, ತಮ್ಮದೇ ಬೆರಳಚ್ಚು ಗಾಜಿನ ಮೇಲೆ ಮೂಡುತ್ತಿರುವುದನ್ನು ಕಂಡರು. ಅಂದಿನಿಂದ ಅದು ಅಪರಾಧ ಪತ್ತೆಯ ಒಂದು ಸಾಧನವಾಗಿದೆ. ಅನುಮಾನದ ವಸ್ತುವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಈ ಅಂಟನ್ನು ಕಾಯಿಸಿ, ಹಬೆಯಾಡಿಸಿ ಬೆರಳಚ್ಚನ್ನು ಎಬ್ಬಿಸುತ್ತಾರೆ. ಪೊಲೀಸರು ಬೇಕೆಂದು ಮಾಡುವುದನ್ನೇ ದಾವಣಗೆರೆಯ ಹುಡುಗನು ಬಿಸ್ಕತ್ತಿನ ಡಬ್ಬದಲ್ಲಿ ಬೇಡದೆಯೇ ಮಾಡಿಬಿಟ್ಟಿದ್ದನು.

ಮೊದಲು ರೋಗ, ಆಮೇಲೆ ಮದ್ದು

ಗಾಜು ಮಸುಕಾದುದೆಲ್ಲ ಒಂದೇ ಬಗೆಯ ದೋಷವಲ್ಲ. ಮುಖ್ಯವಾಗಿ ಮೂರು ಬಗೆಗಳುಂಟು.

ಮೊದಲನೆಯದು ಈಗ ಹೇಳಿದ ಆವಿಯ ಮಂಜು. ಅದು ಹಿಟ್ಟು ಚಿಮುಕಿಸಿದಂತೆ ಸಮನಾಗಿ ಹರಡಿರುತ್ತದೆ. ಎರಡನೆಯದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಕದ ಅಂಟಿನಿಂದಾದ ಕಲೆ. ಈ ಅಂಟು ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದುಮಾಡುತ್ತದೆ. ಒಂದು ಹನಿ ಕಿಟಕಿಯ ನಡುವೆ ಬಿದ್ದರೆ ಅಲ್ಲಿಯೂ ಕರಗಿಸುತ್ತದೆ. ಇಲ್ಲಿ ಮೇಲೆ ಏನೂ ಕೂತಿಲ್ಲ, ಗಾಜಿನ ಮೈಯೇ ಕದಡಿದೆ; ಕೆಲವೊಮ್ಮೆ ಒಳಗೆ ಜೇಡನ ಬಲೆಯಂಥ ಬಿರುಕುಗಳೂ ಎಳೆಯುತ್ತವೆ. ಮೂರನೆಯದು ಫೆವಿಕಾಲಿನಂಥ ಬಿಳಿ ಅಂಟಿನ ಕಲೆ, ಇದು ಬಡಪಾಯಿ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಒದ್ದೆ ಬಟ್ಟೆಯಿಂದ ಮೃದುವಾಗಿ ಒರಸಿದರೆ ಬಿಟ್ಟುಕೊಡುತ್ತದೆ.

ಮೊದಲೆರಡರ ಆಳವನ್ನು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ದಾವಣಗೆರೆಯವರಿಗೆ ಅದರ ತತ್ವವನ್ನು ವಿವರಿಸುವುದು ಕಷ್ಟವಲ್ಲ. ಸಂಜೆ ಮಂಡಕ್ಕಿಯ ಜೊತೆಗೆ ಮಿರ್ಚಿ ಕಟ್ಟಿಸಿಕೊಂಡು ಬಂದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಹೀರಿದ ಜಾಗದಲ್ಲಿ ಕಾಗದದ ಆಚೆಯ ಬೆಳಕು ಹಾಯ್ದು ಬರುತ್ತದೆ. ಕಾಗದದ ನಾರುಗಳ ಸಂದಿಯಲ್ಲಿ ಗಾಳಿಯಿದ್ದಾಗ ಬೆಳಕು ಹೆಜ್ಜೆಹೆಜ್ಜೆಗೂ ದಿಕ್ಕು ತಪ್ಪಿ ಚದರುತ್ತದೆ, ಆದ್ದರಿಂದ ಕಾಗದ ಬೆಳ್ಳಗೆ ತೋರುತ್ತದೆ. ಸಂದಿಗಳನ್ನು ಎಣ್ಣೆ ತುಂಬಿದಾಗ, ಎಣ್ಣೆಯೂ ನಾರೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಬಾಗಿಸುವುದರಿಂದ, ಬೆಳಕಿಗೆ ದಾರಿ ಸುಗಮವಾಗುತ್ತದೆ.

ಮಸುಕಾದ ಕಿಟಕಿಯ ಮೇಲೆ ಒಂದು ಹನಿ ನೀರನ್ನಿಡಿ. ನೀರಿರುವಷ್ಟು ಹೊತ್ತು ಗಾಜು ತಿಳಿಯಾಗಿ ಕಂಡು, ಆರಿದೊಡನೆ ಮತ್ತೆ ಮಸುಕಾದರೆ, ದೋಷ ಮೇಲ್ಮೈಯ ಒರಟುತನದಲ್ಲಿದೆ. ಅದನ್ನು ಖಂಡಿತ ನಿವಾರಿಸಬಹುದು. ನೀರಿನ ಕೆಳಗೂ ಬಿಳುಪೋ ಬಿರುಕೋ ಹಾಗೆಯೇ ಕಂಡರೆ, ಕಾಯಿಲೆ ಒಳಕ್ಕಿಳಿದಿದೆ. ಆ ಗಾಜನ್ನು ಬದಲಿಸುವುದೇ ಲೇಸು. ಎಣ್ಣೆ ಹಚ್ಚಿ ಮಂಜನ್ನು ಮರೆಸುವವರೂ ಇದ್ದಾರೆ. ಅದು ಮೇಲಣ ಮರೆಯಷ್ಟೇ. ನಾಲ್ಕು ದಿನದಲ್ಲಿ ಎಣ್ಣೆಗೆ ಧೂಳು ಹಿಡಿಯುತ್ತದೆ. ಅಡುಗೆಯ ಎಣ್ಣೆಗಳು ಬಿಗಿತಕ್ಕೆ ಸಿಕ್ಕಿರುವ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕಿನಲ್ಲಿ ಕಾಲಕ್ರಮೇಣ ಬಿರುಕೆಬ್ಬಿಸುವುದೂ ಉಂಟು.

ಮಾಡಬಾರದ ಕೆಲಸಗಳು

ಮಂಜನ್ನು ಕಂಡೊಡನೆ ಕೈ ಮೊದಲು ಹೋಗುವುದು ಉಗುರುಬಣ್ಣ ತೆಗೆಯುವ ಸೀಸೆಯ ಕಡೆಗೆ. ಅದರಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಈ ಅಂಟನ್ನು ಕರಗಿಸುತ್ತದೆಂಬುದು ನಿಜ. ಬೆರಳಿಗೆ ಬೆರಳಂಟಿದಾಗ ಅದು ಉಪಕಾರಿಯೂ ಹೌದು. ಆದರೆ ಅದು ಪಾಲಿಸ್ಟೈರಿನ್ ಮತ್ತು ಅಕ್ರಿಲಿಕ್ ಗಾಜನ್ನೂ ಕರಗಿಸುತ್ತದೆ. ಮಂಜು ಹೋಗುವುದರೊಳಗೆ ಕಿಟಕಿಯೇ ಹೋಗಿರುತ್ತದೆ. ಬಣ್ಣದ ತಿನ್ನರು, ಪೆಟ್ರೋಲುಗಳನ್ನೂ ದೂರವೇ ಇಡಬೇಕು. ಕುದಿನೀರು ಪಾಲಿಸ್ಟೈರಿನ್ನನ್ನು ಮೆತ್ತಗಾಗಿಸಿ ಸೊಟ್ಟಗೆ ಮಾಡುತ್ತದೆ. ಬ್ಲೇಡಿನಿಂದ ಕೆರೆದರೆ ಮಂಜಿನ ಬದಲು ಗೀರುಗಳು ಉಳಿಯುತ್ತವೆ.

ಮನೆಯ ಹಿರಿಯರು ನೆನಪಿಡಬೇಕಾದ ಮತ್ತೊಂದು ಮಾತುಂಟು. ಚೆಲ್ಲಿದ ಹಸಿ ಅಂಟನ್ನು ಹತ್ತಿಯಿಂದಲೋ ಹತ್ತಿಬಟ್ಟೆಯಿಂದಲೋ ಒರಸಬಾರದು. ಹತ್ತಿಯ ನಾರಿನ ಮೇಲೆ ಈ ಅಂಟು ಅತಿ ವೇಗದಿಂದ ಗಟ್ಟಿಯಾಗಿ, ಚರ್ಮವನ್ನು ಸುಡುವಷ್ಟು ಶಾಖವನ್ನು ಹೊರಬಿಡುತ್ತದೆ. ಹತ್ತಿಯ ಗಿರಣಿಗಳಿಂದಲೇ ಹೆಸರಾದ ಊರಿನಲ್ಲಿ ಈ ಎಚ್ಚರ ಅನಾವಶ್ಯಕವೆನಿಸಲಾರದು. ಬೆರಳುಗಳು ಅಂಟಿಕೊಂಡರೆ ಎಳೆಯದೆ, ಬೆಚ್ಚಗಿನ ಸಾಬೂನುನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸಿ ಬಿಡಿಸಬೇಕು. ಕಣ್ಣಿಗೆ ತಗುಲಿದರೆ ಮನೆಮದ್ದು ಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಹರಿಹರದ ಪಾಠ

ನಮ್ಮ ಹುಡುಗನಿಗೆ ಇವಾವುವೂ ತಿಳಿಯದು. ಆತನು ಉಗುರುಬಣ್ಣದ ಸೀಸೆಗೆ ಕೈಯಿಡುವ ಹೊತ್ತಿಗೆ ತಾಯಿ ಕಂಡಳು. "ಅದನ್ನ ಮುಟ್ಟಬೇಡ. ಅಜ್ಜನ ಹತ್ರ ತಗೊಂಡು ಹೋಗು. ಹೊಳಪು ಕೊಡೋದು ಅವರಿಗೆ ಗೊತ್ತು" ಎಂದಳು. ಅಜ್ಜನಿಗೇ ತೋರಿಸಿದರೆ ಕಾಣಿಕೆಯ ಗುಟ್ಟೇ ಹೋಯಿತಲ್ಲ! ಆದರೆ ಕುರುಡು ಬಸ್ಸನ್ನು ಕೊಡುವುದಕ್ಕಿಂತ ಗುಟ್ಟು ಬಿಟ್ಟುಕೊಡುವುದೇ ಮೇಲೆಂದು ಆತನು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದನು.

ತುಂಗಭದ್ರೆಯ ದಡದ ಹರಿಹರಕ್ಕೆ, ತಿರುಗಿಸಿ ನಯಗೊಳಿಸುವ ವಿದ್ಯೆ ಹಳೆಯದು. ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮಂಟಪದಲ್ಲಿ ಲೇತ್‌ಗೆ ಕೊಟ್ಟು ತಿರುಗಿಸಿದಂಥ ದುಂಡು ಕಂಬಗಳು ಇಂದಿಗೂ ನಿಂತಿವೆ. ಏಳು ಶತಮಾನಗಳ ತರುವಾಯ, ೧೯೪೧ರಲ್ಲಿ, ಅದೇ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಹುಟ್ಟಿ, ಲೇತ್ ಯಂತ್ರಗಳನ್ನೇ ತಯಾರಿಸಿ ದೇಶಕ್ಕೆಲ್ಲ ಕಳಿಸತೊಡಗಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಅಲ್ಲಿ ಪಳಗಿದ ಕೈಗಳು ಮಾತ್ರ ಊರಿನ ಎಷ್ಟೋ ಮನೆಗಳಲ್ಲಿ ಉಳಿದವು.

ಅಜ್ಜ ಬಸ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಮೂಲೆಗೆ ಒದ್ದೆ ಬೆರಳನ್ನು ಒತ್ತಿ ನೋಡಿದರು. "ಮೇಲೇ ಕೂತೈತಿ ಬಿಡಪ್ಪ. ಆದರೆ ಕೂತಿರೋದು ಒಳಮೈಗೆ. ಮೊದಲು ಗಾಜು ಬಿಚ್ಚಬೇಕು" ಎಂದರು.

ಬಿಚ್ಚುವುದಕ್ಕೂ ಯುಕ್ತಿಯುಂಟು. ಈ ಅಂಟು ಗಟ್ಟಿಯಾದರೂ ಗಡುಸು; ಚಳಿಗೆ ಇನ್ನಷ್ಟು ಗಡುಸಾಗಿ ಪುಟಿದುಬಿಡುವ ಸ್ವಭಾವದ್ದು. ವಾಹನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿ ಕೆಲವು ಗಂಟೆ ಇಟ್ಟು, ಹೊರತೆಗೆದೊಡನೆ ತೆಳುವಾದ ಅಲಗನ್ನು ಮೂಲೆಗೆ ತಾಗಿಸಿ ಮೆಲ್ಲಗೆ ಒತ್ತಿದರೆ ಗಾಜು ಬಹಳ ಸಲ ಇಡಿಯಾಗಿ ಕಳಚಿ ಬರುತ್ತದೆ. ಸಿ.ಡಿ. ಡಬ್ಬಿಯ ಪ್ಲಾಸ್ಟಿಕ್ಕೂ ಚಳಿಗೆ ಗಡುಸಾಗುವುದರಿಂದ ಬಲ ಹಾಕಬಾರದು. ಬಾರದಿದ್ದರೆ ಮತ್ತೆ ಒಳಗಿಡುವುದೇ ಸರಿ.

ಕಳಚಿದ ಗಾಜನ್ನು ಸಾಬೂನುನೀರಿನಲ್ಲಿ ತೊಳೆದು, ಮೃದುವಾದ ಒದ್ದೆ ಬಟ್ಟೆಯಿಂದ ಉಜ್ಜಬೇಕು. ಹಗುರವಾದ ಮಂಜು ಇಷ್ಟಕ್ಕೇ ಅರ್ಧ ಇಳಿಯುತ್ತದೆ. ಉಳಿದುದಕ್ಕೆ ಬಿಳಿಯ ಹಲ್ಲುಪೇಸ್ಟನ್ನು ಬಟ್ಟೆಯ ಮೇಲೆ ಕಡಲೆಯಷ್ಟು ತೆಗೆದುಕೊಂಡು ಸಣ್ಣ ಸಣ್ಣ ಸುತ್ತುಗಳಲ್ಲಿ ತಿಕ್ಕಬೇಕು. ಪೇಸ್ಟಿನಲ್ಲಿರುವ ನುಣ್ಣನೆಯ ಪುಡಿಯೇ ಇಲ್ಲಿ ಕೆಲಸ ಮಾಡುವುದು. ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಕಾಂಪೌಂಡಾದರೂ ಆದೀತು. ಆದರೆ ಮೊದಲು ಬೇಡದ ತುಂಡಿನ ಮೇಲೆ ಪರೀಕ್ಷಿಸಿ ನೋಡಬೇಕು.

ಅದಕ್ಕೂ ಬಗ್ಗದ ಕಲೆಗೆ ವಾಟರ್ ಪೇಪರೇ ಗತಿ. ಇಲ್ಲಿಯೇ ಹುಡುಗನಿಗೆ ಅಚ್ಚರಿ. ತಿಳಿಯಾಗಬೇಕಾದ ಗಾಜಿಗೆ ಉಜ್ಜುವ ಕಾಗದವೇ? "ಅಜ್ಜಾ, ಇನ್ನೂ ಗೀರು ಬೀಳ್ತಾವಲ್ಲ?" ಎಂದನು. ಅಜ್ಜ ನಕ್ಕರು. "ಬೀಳಲಿ. ದೊಡ್ಡ ಗೀರನ್ನ ಸಣ್ಣ ಗೀರಿಂದ ಅಳಿಸ್ಬೇಕು, ಸಣ್ಣದನ್ನ ಅದಕ್ಕಿಂತ ಸಣ್ಣದರಿಂದ. ಕಣ್ಣಿಗೆ ಕಾಣದಷ್ಟು ಸಣ್ಣದಾದ್ಮೇಲೆ ಅದಕ್ಕೇ ಹೊಳಪು ಅಂತಾರೆ."

ಈ ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿದೆ. ೨೦೦೦ ನಂಬರಿನ ಕಾಗದದ ಕಣ ಸುಮಾರು ಹತ್ತು ಮೈಕ್ರಾನ್, ಎಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವಾದರೋ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನ ಆಸುಪಾಸು. ಮೇಲ್ಮೈಯ ಏರುತಗ್ಗು ಇದಕ್ಕಿಂತ ಬಹಳ ಕಿರಿದಾದಾಗ ಬೆಳಕಿಗೆ ಅದರ ಅರಿವೇ ಆಗದೆ ನೇರವಾಗಿ ಹಾಯ್ದುಹೋಗುತ್ತದೆ. ಹೊಳಪೆಂದರೆ ಮೇಲೆ ಬಳಿದ ಯಾವುದೋ ವಸ್ತುವಲ್ಲ. ಒರಟುತನವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸುತ್ತ ಬಂದಾಗ ಉಳಿಯುವ ಸ್ಥಿತಿ.

ಕ್ರಮ ಹೀಗೆ. ಸಪಾಟಾದ ಗಾಜಿನ ತುಂಡಿನ ಮೇಲೆ ೧೫೦೦ ನಂಬರಿನ ವಾಟರ್ ಪೇಪರನ್ನು ಹಾಸಿ, ಚೆನ್ನಾಗಿ ನೀರು ಹನಿಸಿ, ಕಿಟಕಿಯ ಗಾಜನ್ನು ಅದರ ಮೇಲೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಆಡಿಸಬೇಕು. ಮಂಜಿನ ಪದರ ಹೋಗಿ ಇಡೀ ಗಾಜು ಒಂದೇ ಸಮನಾಗಿ ಬೂದಿಬಣ್ಣಕ್ಕೆ ತಿರುಗಿದಾಗ ತೊಳೆದು, ೨೦೦೦ದ ಕಾಗದ ಹಿಡಿಯಬೇಕು. ಈಗ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಬೇಕು. ಹಿಂದಿನ ಗೀರುಗಳು ಅಳಿದುವೋ ಇಲ್ಲವೋ ಎಂಬುದು ಆಗಲೇ ತಿಳಿಯುವುದು. ಅವು ಪೂರ್ತಿ ಅಳಿಯುವವರೆಗೆ ಮುಂದಿನ ನಂಬರಿಗೆ ಹೋಗಬಾರದು. ಆಮೇಲೆ ೩೦೦೦, ಕಡೆಗೆ ಪೇಸ್ಟು. ಒಂದು ಮೆಟ್ಟಿಲನ್ನು ಹಾರಿದವನು ಮತ್ತೆ ಮೊದಲಿಂದ ಹತ್ತಬೇಕಾಗುತ್ತದೆ. ನೀರಿಲ್ಲದೆ ಉಜ್ಜಿದರೆ ಪ್ಲಾಸ್ಟಿಕ್ಕು ಬಿಸಿಯೇರಿ, ಕಿತ್ತ ಕಣಗಳೇ ಮತ್ತೆ ಗೀರು ಹಾಕುತ್ತವೆ. ಧೂಳು ಮೂಗಿಗೂ ಹೋಗುತ್ತದೆ.

ಮೊದಲ ಕಿಟಕಿಗೆ ಹುಡುಗನಿಗೆ ಒಂದು ಗಂಟೆ ಹಿಡಿಯಿತು. ಬೂದಿಬಣ್ಣದ ಗಾಜನ್ನು ಕಂಡು ಇನ್ನು ಮುಗಿಯಿತೆಂದು ಎದೆಗುಂದಿದ್ದವನು, ಪೇಸ್ಟಿನ ನೊರೆಯನ್ನು ತೊಳೆದು ಬೆಳಕಿಗೆ ಹಿಡಿದಾಗ ಅದರ ಮೂಲಕ ಎದುರುಮನೆಯ ಕಿಟಕಿಯ ಸರಳುಗಳನ್ನು ಎಣಿಸಬಹುದಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ಎರಡು ಪಾದಗಳನ್ನೂ ಆ ವಾರ ಅವನು ಅನುಭವದಿಂದ ಕಲಿತನು.

ಗುಣವಾಗದ ಗಾಜು

ಎಲ್ಲ ಕಿಟಕಿಗಳೂ ಉಜ್ಜುವುದಕ್ಕೆ ಒದಗುವುದಿಲ್ಲ. ತೀರ ತೆಳುವಾದ ಹಾಳೆ ಕಾಗದದ ಮೇಲೆ ಮಡಚಿಕೊಳ್ಳುತ್ತದೆ. ಒಳಕ್ಕೆ ಬಿರುಕಿಳಿದ ಗಾಜು ಎಷ್ಟು ತಿಕ್ಕಿದರೂ ತಿಳಿಯಾಗದು. ಅಂಥವನ್ನು ಬಿಟ್ಟು ಹೊಸದನ್ನು ಮಾಡುವುದು ಸೋಲೇನಲ್ಲ. ಮೊದಲು ಗಟ್ಟಿ ಕಾಗದದಲ್ಲಿ ಕಿಟಕಿಯ ಅಚ್ಚು ಕತ್ತರಿಸಿ, ಚೌಕಟ್ಟಿಗೆ ಸರಿಯಾಗಿ ಕೂರುವವರೆಗೂ ಸವರಿ, ಆಮೇಲೆ ಪಾರದರ್ಶಕ ಹಾಳೆಯ ಮೇಲಿಟ್ಟು ಕೊರೆಯಬೇಕು. ಸಾಮಾನುಗಳ ಜೊತೆಗೆ ಬರುವ ತಿಳಿಯಾದ ಪ್ಲಾಸ್ಟಿಕ್ ಹೊದಿಕೆ, ಉಡುಪಿನ ಡಬ್ಬದ ಮುಚ್ಚಳ ಮುಂತಾದವು ಈ ಕೆಲಸಕ್ಕೆ ಸಾಕು. ಬೆರಳುಗುರಿಗಿಂತ ಸಣ್ಣ ಕಿಟಕಿಗೆ ಹಾಳೆಯೂ ಬೇಡ. ಬಿಳಿ ಅಂಟನ್ನು ಹಲ್ಲುಕಡ್ಡಿಯಿಂದ ಚೌಕಟ್ಟಿನ ಸುತ್ತ ಎಳೆದು, ಸಾಬೂನಿನ ಗುಳ್ಳೆಯಂತೆ ಅಡ್ಡಕ್ಕೆ ಹಿಗ್ಗಿಸಿ ಬಿಟ್ಟರೆ, ಆರಿದ ಮೇಲೆ ತೆಳುವಾದ ಪಾರದರ್ಶಕ ಪೊರೆಯೇ ಕಿಟಕಿಯಾಗುತ್ತದೆ.

ಉಜ್ಜಿದ ಗಾಜಿನಲ್ಲಿ ಉಳಿದಿರಬಹುದಾದ ಕೂದಲೆಳೆಯಂಥ ಗೀರುಗಳಿಗೆ ಕೊನೆಯ ಉಪಚಾರವೊಂದುಂಟು. ನೀರಿನಂತೆ ತೆಳುವಾದ, ಹೊಳಪು ಕೊಡುವ ಅಕ್ರಿಲಿಕ್ ದ್ರಾವಣದಲ್ಲಿ ಗಾಜನ್ನು ಒಮ್ಮೆ ಅದ್ದಿ, ಅಂಚಿನ ಹನಿಯನ್ನು ಕಾಗದಕ್ಕೆ ಹೀರಿಸಿ, ಬಟ್ಟಲು ಮುಚ್ಚಿ ಒಂದೆರಡು ದಿನ ಬಿಡುವುದು. ನೀರಿನ ಹನಿ ಕ್ಷಣಕಾಲ ಮಾಡಿದ್ದನ್ನು ಈ ಪದರ ಕಾಯಂ ಆಗಿ ಮಾಡುತ್ತದೆ. ಗೀರುಗಳನ್ನು ತುಂಬಿ ಬೆಳಕಿಗೆ ದಾರಿ ಸಮಮಾಡುತ್ತದೆ. ಮುಂದೆ ಅಂಟಿನ ಆವಿ ಬಂದರೂ ಗಾಜಿನ ಮೈಗೆ ನೇರವಾಗಿ ತಗುಲದು.

ಮತ್ತೆ ಮುಸುಕದಂತೆ

ಬಂದ ಮಂಜನ್ನು ಕಳೆಯುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಸುಲಭ. ಗಾಜಿಗೆ ಬಿಳಿ ಅಂಟನ್ನೇ ಬಳಸಿ, ಚಿಕ್ಕ ತುಂಡು ಟೇಪಿನಿಂದ ಹಿಡಿದಿಟ್ಟು ರಾತ್ರಿಯೆಲ್ಲ ಬಿಡುವುದು ಮೊದಲ ಸೂತ್ರ. ಕಿಟಕಿ ಯಾವ ಭಾರವನ್ನೂ ಹೊರುವುದಿಲ್ಲ. ಅದಕ್ಕೆ ಕಬ್ಬಿಣ ಹಿಡಿಯುವ ಅಂಟೇಕೆ? ಕ್ಷಣದ ಅಂಟನ್ನೇ ಬಳಸಬೇಕಾಗಿ ಬಂದರೆ, ಸೂಜಿಯ ಮೊನೆಯಿಂದ ಸಾಸುವೆಯಷ್ಟೂ ಇಲ್ಲದ ಚುಕ್ಕೆ ಸಾಕು. ಗಾಜನ್ನು ಮೊದಲೇ ಸಾಬೂನಿನಿಂದ ತೊಳೆದು ಅಂಚಿನಲ್ಲೇ ಹಿಡಿಯಬೇಕು. ಕೆಲಸದ ವೇಳೆಯಲ್ಲಿ ಗಾಳಿಯಾಡುತ್ತಿರಬೇಕು. ಫ್ಯಾನು ಮೆಲ್ಲಗೆ ತಿರುಗುತ್ತಿದ್ದರೆ ಆವಿ ಒಂದೆಡೆ ನಿಲ್ಲುವುದಿಲ್ಲ, ಕಟ್ಟುವವನ ಕಣ್ಣು ಮೂಗುಗಳಿಗೂ ಹಿತ. ಎಲ್ಲಕ್ಕಿಂತ ಮುಖ್ಯವಾಗಿ, ಒಡಲನ್ನು ಒಂದು ರಾತ್ರಿಯಾದರೂ ತೆರೆದಿಡಬೇಕು. ಆವಿ ಕಡಿಮೆ ಬಿಡುವಂತೆ ಮಾರ್ಪಡಿಸಿದ ಸಯನೋಅಕ್ರಿಲೇಟುಗಳೂ ಈಗ ದೊರೆಯುತ್ತವೆ. ಬೆಲೆ ಹೆಚ್ಚು, ಹಿಡಿಯುವುದು ಕೊಂಚ ನಿಧಾನ.

ಭಾನುವಾರದ ಬೆಳಕು

ಹುಡುಗನು ಎರಡು ಮಧ್ಯಾಹ್ನ ಹರಿಹರದಲ್ಲಿ ಕಳೆದನು. ಬಿರುಕುಬಿಟ್ಟ ಎರಡು ಗಾಜುಗಳನ್ನು ಹೊಸದಾಗಿ ಕೊರೆದನು. ಉಳಿದುವನ್ನೆಲ್ಲ ಉಜ್ಜಿ ತಿಳಿಗೊಳಿಸಿದನು. ಎಡಬದಿಯ ಮೂರನೆಯ ಗಾಜನ್ನು ಮಾತ್ರ ಅಜ್ಜ ತಾವೇ ಉಜ್ಜಲು ಕೈಗೆತ್ತಿಕೊಂಡರು.

ಹೋದ ವರ್ಷ ಅವರ ಎರಡು ಕಣ್ಣಿಗೂ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಆ ಚಿಕಿತ್ಸೆಗೂ ಈ ಪುಟ್ಟ ಗಾಜಿಗೂ ದೂರದ ನಂಟುಂಟು. ಮಹಾಯುದ್ಧದಲ್ಲಿ ವಿಮಾನದ ಅಕ್ರಿಲಿಕ್ ಗಾಜು ಒಡೆದು ಚೂರುಗಳು ಕೆಲವು ವೈಮಾನಿಕರ ಕಣ್ಣಿಗೆ ನಾಟಿದ್ದವು. ಆ ಚೂರುಗಳನ್ನು ಕಣ್ಣು ಹೊರದೂಡದೆ ಸುಮ್ಮನೆ ಸಹಿಸಿಕೊಂಡಿರುವುದನ್ನು ಇಂಗ್ಲೆಂಡಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅಂಥ ಪ್ಲಾಸ್ಟಿಕ್ಕಿನಿಂದಲೇ ಮಸೂರ ಮಾಡಿಸಿ, ೧೯೪೯ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಮನುಷ್ಯನ ಕಣ್ಣಿನೊಳಗಿಟ್ಟರು. ಪೊರೆ ಬಂದ ಮಸೂರವನ್ನು ತೆಗೆದು ಪ್ಲಾಸ್ಟಿಕ್ಕಿನ ಮಸೂರವನ್ನು ಕೂರಿಸುವ ಪದ್ಧತಿ ಅಲ್ಲಿಂದ ಬೆಳೆದು, ಇಂದು ಊರೂರಿನ ಆಸ್ಪತ್ರೆಗಳಿಗೂ ಬಂದಿದೆ.

ಭಾನುವಾರ ಹೋಮ ಮುಗಿದು, ನೆಂಟರಿಷ್ಟರು ಊಟಕ್ಕೇಳುವ ಮುನ್ನ, ಅಜ್ಜ ಬಸ್ಸನ್ನು ತೊಡೆಯ ಮೇಲಿಟ್ಟುಕೊಂಡು ಮೂರನೆಯ ಕಿಟಕಿಯೊಳಗೆ ಬಹಳ ಹೊತ್ತು ನೋಡಿದರು. ಒಳಗೆ ಆಸನದ ಹಸಿರು ಬಣ್ಣ, ಕಂಬಿ, ಆಚೆಬದಿಯ ಕಿಟಕಿ, ಅದರಾಚೆ ಅಂಗಳದ ಬೆಳಕು, ಎಲ್ಲವೂ ತಿಳಿಯಾಗಿ ಕಾಣುತ್ತಿದ್ದವು. "ಇದನ್ನ ಬಿಸಿಲು ಬೀಳೋ ಕಡೆ ಇಡಬೇಡ್ರಿ, ಗಾಜು ಹಳದಿ ಆದೀತು" ಎಂದು ಸೊಸೆಗೆ ಹೇಳಿ, ಬಸ್ಸನ್ನು ಪಡಸಾಲೆಯ ಗೂಡಿನಲ್ಲಿ ತಾವೇ ಇಟ್ಟು ಬಂದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಮುಂದಿನದಕ್ಕೆ ಫೆವಿಕಾಲ್ ಹಚ್ಚು. ಒಂದು ರಾತ್ರಿ ಕಾಯಿ" ಎಂದರು.